ಶ್ರೀ ಅಲ್ಲಮಪ್ರಭುದೇವರ ಚರಿತ್ರೆಯಲ್ಲಿ ಶೋಕಶಮನದ ಕ್ರಮವು

ಪ್ರಭುದೇವರ ನಾಮವನ್ನು ಕೇಳಿದೊಡನೆಯೇ ಅನುಭವಮಂಟಪದ ಶೂನ್ಯಸಿಂಹಾಸನವೂ ಅದರ ಮೇಲೆ ಮಂಡಿಸಿದ ಜ್ಞಾನಮೂರ್ತಿಯೂ ಕಣ್ಣಮುಂದೆ ನಿಲ್ಲುವುದು ಸಹಜವು. ಆದರೆ ಆ ಪೀಠವನ್ನೇರುವುದಕ್ಕೆ ಬಹು ಪೂರ್ವದಲ್ಲಿ ಅವರು ಒಲಿದವಳನ್ನು ಮೃತ್ಯುವಿಗೆ ಒಪ್ಪಿಸಿ, ಬುದ್ಧಿ ಕದಡಿ, ದಿಕ್ಕುಗೆಟ್ಟು ಅಲೆದ ತರುಣರಾಗಿದ್ದರೆಂಬ ಸಂಗತಿಯನ್ನು ಪುರಾಣಪ್ರವಚನಕಾರರು ಸಾಮಾನ್ಯವಾಗಿ ಮರೆಯಿಸಿಬಿಡುವರು. ಇದು ಯುಕ್ತವಲ್ಲವೆಂದು ನನ್ನ ಎಣಿಕೆ. ನಮ್ಮ ಮಲ್ಲಂದೂರಿನ ಕಡೆಯ ಕಾಫಿತೋಟದ ಮನೆಗಳಲ್ಲಿ ಮಳೆಗಾಲವು ಹಿಡಿಯಿತೆಂದರೆ ಮಂಜು ಅಂಗಳವನ್ನು ಬಿಟ್ಟು ಕದಲದು. ಅಂಥ ದಿನಗಳಲ್ಲಿ ಸಾವು ಕಂಡ ಮನೆಯ ದುಃಖಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲವಾಗುವುದು. ಆ ಮನೆಯವರಿಗೆ ಪ್ರಭುವಿನ ಸಿಂಹಾಸನಕ್ಕಿಂತ ಪ್ರಭುವಿನ ಅಲೆದಾಟವೇ ಹೆಚ್ಚು ಹತ್ತಿರದ್ದು.

ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯು ಬನವಾಸಿ ನಾಡಿನ ಕಣ್ಣಿನಂತಿದ್ದಿತು. ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿರುವ ಆ ಊರಿನ ಕೇದಾರೇಶ್ವರ ಸನ್ನಿಧಿಯ ಕೋಡಿಯಮಠವು ವಿದ್ಯೆಗೆ ಮಾತ್ರವಲ್ಲದೆ ಅನ್ನಕ್ಕೂ ಔಷಧಕ್ಕೂ ಹೆಸರಾಗಿದ್ದಿತು. ಕುಂಟರಿಗೂ ಕುರುಡರಿಗೂ ಗಾಯಕರಿಗೂ ನರ್ತಕರಿಗೂ ಅಲ್ಲಿ ಅನ್ನವು ದೊರೆಯುತ್ತಿದ್ದಿತೆಂದೂ, ಅನಾಥರಾದ ರೋಗಿಗಳಿಗೆ ಚಿಕಿತ್ಸೆಯು ನಡೆಯುತ್ತಿದ್ದಿತೆಂದೂ 1162ರ ಶಾಸನವು ಸಾರುವುದು. ದೇಹದ ವ್ಯಾಧಿಗೆ ಮದ್ದುಂಟೆಂದು ಬಲ್ಲ ಊರಿನಲ್ಲಿಯೇ ಮದ್ದಿಗೆ ಸಿಕ್ಕದ ವ್ಯಾಧಿಯ ಕಥೆಯೊಂದು ನಡೆಯಿತೆಂಬುದನ್ನು ಓದುಗರು ಗಮನಿಸಬೇಕು.

ಹಂಪೆಯ ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳಿರುವಂತೆ ಅಲ್ಲಮನು ಆ ಊರಿನ ನಾಗವಾಸಾಧಿಪತಿಯ ಮಗನು; ಮದ್ದಳೆಯಲ್ಲಿ ಅಸದೃಶ ನಿಪುಣನು. ಕಮಲತೆಯೆಂಬ ಚೆಲುವೆಯಲ್ಲಿ ಅನುರಕ್ತನಾಗಿ, ಲೋಕವನ್ನೇ ಮರೆತು ಅವಳೊಡನೆ ಸುಖಿಸುತ್ತಿದ್ದನು. ಅಷ್ಟರಲ್ಲಿ ಕಮಲತೆಗೆ ಜ್ವರವು ಬಂದಿತು, ಅವಳು ಉಳಿಯಲಿಲ್ಲ. ಮದ್ದಳೆಯ ಕೈ ಅಲ್ಲಿಗೆ ನಿಂತಿತು. ಉಣ್ಣದೆ, ಉಡದೆ, ಕಂಡಕಂಡಲ್ಲಿ ಅವಳನ್ನೇ ಕಾಣುತ್ತ ಅಲ್ಲಮನು ಹುಚ್ಚನಂತೆ ತಿರುಗಿದನು.

ಹೀಗೆ ತಿರುಗುತ್ತ ಒಂದು ತೋಪಿನಲ್ಲಿ ಕುಳಿತು, ಏನನ್ನೂ ಬಯಸದೆ, ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದನಂತೆ. ದುಃಖಿಯ ಮೈಯ ಚೇಷ್ಟೆಯನ್ನು ಹರಿಹರನು ಎಷ್ಟು ಸೂಕ್ಷ್ಮವಾಗಿ ಬಲ್ಲನು! ಆ ಉಗುರಿಗೆ ಚಿನ್ನದ ಕಳಸವೊಂದು ತಾಗಿತು. ನೆಲವನ್ನು ಅಗೆಯಿಸಲಾಗಿ ಕೆಳಗೆ ಹೂತುಹೋದ ಶಿವಾಲಯವೂ ಮುಚ್ಚಿದ ಬಾಗಿಲೂ ಕಂಡವು. ಕದವನ್ನು ಒದೆದು ಒಳಹೊಕ್ಕರೆ ಗರ್ಭಗೃಹದಲ್ಲಿ ಅನಿಮಿಷಯ್ಯನು ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಎವೆಯಿಕ್ಕದೆ ಕುಳಿತಿದ್ದನು. ಅಲ್ಲಮನು ಆ ಲಿಂಗವನ್ನು ತನ್ನ ಕೈಗೆ ತೆಗೆದುಕೊಂಡನು. ಅನಿಮಿಷಯ್ಯನ ಪ್ರಾಣವು ಅದೇ ಕ್ಷಣದಲ್ಲಿ ಬಯಲಾಯಿತು.

ಇಲ್ಲಿ ಉಪದೇಶವಿಲ್ಲ, ಸಾಂತ್ವನವಿಲ್ಲ. ಹುಟ್ಟಿದವರು ಸಾಯುವರೆಂಬ ಹಳೆಯ ಮಾತನ್ನು ಯಾರೂ ಆಡಲಿಲ್ಲ. ಅದಲ್ಲದೆ, ಒಂದು ಸಾವಿನಿಂದ ಕೆಟ್ಟವನು ಕಣ್ಣೆದುರಿನಲ್ಲಿಯೇ ಇನ್ನೊಂದು ಸಾವನ್ನು ಕಂಡನು. ಆದರೂ ಈ ಸಲ ಕೆಡಲಿಲ್ಲ. ಕಾರಣವೇನು? ಕಮಲತೆಯು ಹೋದ ಬಳಿಕ ಅವನ ನೋಟಕ್ಕೆ ನಿಲ್ಲುವ ನೆಲೆಯೇ ತಪ್ಪಿದ್ದಿತು. ಲಿಂಗವು ಅಂಗೈಗೆ ಬಂದಾಗ ಆ ನೋಟಕ್ಕೆ ನೆಲೆಯು ದೊರೆಯಿತು. ಎಡಗೈಯಲ್ಲಿ ಇಷ್ಟಲಿಂಗವನ್ನು ಧರಿಸಿ ದೃಷ್ಟಿಯನ್ನು ನಿಲ್ಲಿಸುವ ಪೂಜಾಕ್ರಮವನ್ನು ಆಚರಿಸಿದವರೆಲ್ಲರಿಗೂ ಇದು ಗೊತ್ತು: ಮೊದಲು ಎವೆಯು ನಿಲ್ಲುವುದು, ಆಮೇಲೆ ಉಸಿರು ತಾನಾಗಿ ಮೆಲ್ಲಗಾಗುವುದು, ಚೂರುಚೂರಾಗಿ ಚೆದುರಿದ ಮನಸ್ಸು ಹಿಂದಿನಿಂದ ಬಂದು ಸೇರುವುದು. ಒಲವು ಅಳಿಯಿತೆಂದು ನಾನು ಹೇಳಲಾರೆ. ಒಲಿಯುವ ಶಕ್ತಿಯು ಅಖಂಡವಾಗಿಯೇ ಉಳಿದು ದಿಕ್ಕನ್ನು ಬದಲಿಸಿತು. ನಮ್ಮ ಹಿರಿಯರು ಅಂಗಲಿಂಗಸಾಮರಸ್ಯವೆಂದು ಕರೆದುದರ ಮೊದಲ ಮೆಟ್ಟಲು ಇದೇ. ಇದನ್ನು ಕೇಳಿ, ಚಿತ್ತವಿಕಾರದಿಂದ ನರಳುವವರನ್ನು ವೈದ್ಯರಿಂದ ಮರೆಮಾಡಿ ಪೂಜೆಯೊಂದಕ್ಕೇ ಒಪ್ಪಿಸುವುದು ಮಾತ್ರ ಸರಿಯಲ್ಲ. ಕೋಡಿಯಮಠದವರು ಪೂಜೆಯನ್ನೂ ಔಷಧವನ್ನೂ ಒಂದೇ ಪ್ರಾಕಾರದೊಳಗೆ ಇರಿಸಿದ್ದರು.

ಚಾಮರಸನ ಪ್ರಭುಲಿಂಗಲೀಲೆಯು ಈ ಕಥೆಯನ್ನು ಒಪ್ಪುವುದಿಲ್ಲ. ಪ್ರೌಢದೇವರಾಯನ ಕಾಲದ ಆ ಕಾವ್ಯದಲ್ಲಿ ಪ್ರಭುವು ಮೊದಲಿನಿಂದಲೂ ನಿರ್ಲೇಪನು. ಬನವಾಸಿಯ ಮಾಯಾದೇವಿಯು ಅವನನ್ನು ಮೋಹಿಸಹೋಗಿ ತಾನೇ ಸೋತಳು. ಗುರುವಿಗೆ ಮೋಹವೂ ಶೋಕವೂ ಇದ್ದವೆಂದರೆ ಗೌರವಕ್ಕೆ ಕುಂದೆಂದು ಬಗೆಯುವವರು ಚಾಮರಸನನ್ನೇ ಹಿಡಿಯುವರು. ಸಿದ್ಧಾಂತದ ಮಟ್ಟಿಗೆ ಅವನ ಮಾತು ಘನವಾದುದು. ಆದರೆ ಎಂದೂ ಗಾಯಗೊಳ್ಳದವನ ಬಳಿಗೆ ಗಾಯಗೊಂಡವನು ಹೋಗಲು ಹಿಂಜರಿಯುವನು. ನಾನು ಹರಿಹರನ ಕಡೆಯವನು.

ಗುಣವಾದವನ ಪರೀಕ್ಷೆಯು ಪರರ ದುಃಖದೆದುರಿನಲ್ಲಿ ಆಗತಕ್ಕದ್ದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿದ ಶೂನ್ಯಸಂಪಾದನೆಯಲ್ಲಿ ಪ್ರಭುವು ಮುಕ್ತಾಯಕ್ಕನನ್ನು ಕಾಣುವ ಸಂದರ್ಭವು ಇಂಥದು. ಅವಳ ಅಣ್ಣನಾದ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಗುಪ್ತವಾಗಿರಿಸಿ ತೀರಿಕೊಂಡಿದ್ದನು. ಅವಳಿಗೆ ಅಣ್ಣನೂ ಅವನೇ, ಗುರುವೂ ಅವನೇ. ಅಳುತ್ತ ಕುಳಿತ ಅವಳೆದುರಿಗೆ ಪ್ರಭುವು ನಿಂತು, ನೀನಾರೆಂದು ವಿಚಾರಿಸಿದನು. ಅರಿವಿನಲ್ಲಿ ಒಂದಾದವನಿಗಾಗಿ ಶೋಕವೇಕೆಂಬುದು ಅವನ ವಾದ; ನಿಜವನ್ನು ಮುಟ್ಟಿದವನಿಗೆ ಮಾತೇಕೆ ಉಳಿಯಿತೆಂಬುದು ಅವಳ ಎದುರುವಾದ. ಪ್ರಭುವು ಅವಳನ್ನು ಗದರಿಸಲಿಲ್ಲ, ಅಳಬೇಡವೆಂದು ಹೇಳಿ ಮುಂದಕ್ಕೆ ನಡೆಯಲಿಲ್ಲ. ಅವಳ ಒಂದೊಂದು ಆಕ್ಷೇಪಕ್ಕೂ ನಿಂತು ಉತ್ತರವಿತ್ತನು. ಅಳುವವಳನ್ನು ವಾದಕ್ಕೆ ಸಮಾನಳೆಂದು ಎಣಿಸಿದುದೇ ಅವಳಿಗೆ ದೊರೆತ ಮೊದಲ ಮದ್ದೆಂದು ನನಗೆ ತೋರುತ್ತದೆ. ವಾದವು ಮುಗಿಯುವ ಹೊತ್ತಿಗೆ ಅವಳ ಸಂಶಯವು ಕರಗಿದ್ದಿತು. ಆದರೂ ಅವಳ ವಚನಗಳ ಅಂಕಿತವು ಅಣ್ಣನ ಹೆಸರೇ ಆಗಿದೆ. ಅವಳು ಅವನನ್ನು ಮರೆಯಬೇಕಾಗಲಿಲ್ಲ.

ಬಳಿಕ ಪ್ರಭುವು ಸೊನ್ನಲಿಗೆಗೆ ಹೋಗಿ, ಕೆರೆ ದೇಗುಲಗಳನ್ನು ಕಟ್ಟುವುದರಲ್ಲಿ ತೊಡಗಿದ್ದ ಸಿದ್ಧರಾಮನ ದೃಷ್ಟಿಯನ್ನು ಒಳಕ್ಕೆ ತಿರುಗಿಸಿದುದೂ, ಕಲ್ಯಾಣದಲ್ಲಿ ಬಸವಣ್ಣನವರೊಡನೆ ಅನುಭವಗೋಷ್ಠಿಯನ್ನು ನಡೆಸಿದುದೂ, ಅಕ್ಕಮಹಾದೇವಿಯನ್ನು ಕಠಿನವಾಗಿ ಪ್ರಶ್ನಿಸಿ ಕೊನೆಗೆ ತಲೆವಾಗಿದುದೂ ಎಲ್ಲರೂ ಬಲ್ಲ ವಿಷಯವಾದುದರಿಂದ ವಿಸ್ತರಿಸುವುದಿಲ್ಲ. ಗುಹೇಶ್ವರನೆಂಬ ಅಂಕಿತವನ್ನು ಓದುವಾಗಲೆಲ್ಲ ನನಗೆ ಆ ನೆಲದಡಿಯ ಗುಡಿಯು ನೆನಪಿಗೆ ಬರುವುದು. ಕಡೆಯಲ್ಲಿ ಅವರು ಶ್ರೀಶೈಲಕ್ಕೆ ತೆರಳಿ ಕದಳಿಯಲ್ಲಿ ಬಯಲಾದರೆಂದು ಸಂಪ್ರದಾಯವು ಹೇಳುತ್ತದೆ. ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಕಲ್ಲುಗುಡಿಯು ಈಗಲೂ ನಿಂತಿದೆ.