ಆ ರಾತ್ರಿ ಪಾಲ್ ರೆವೀರ್ ಒಬ್ಬರೇ ಇರಲಿಲ್ಲ

ಪಾಲ್ ರೆವೀರ್ ಅಂದ್ರೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹಿಂದಿನ ರಾತ್ರಿ, ಬ್ರಿಟಿಷರು ಬಂದ್ರು ಅಂತ ಕೂಗ್ತಾ ಊರೂರು ಎಬ್ಬಿಸಿದ ಒಂಟಿ ಸವಾರ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧ ಒಂದು ಪದ್ಯದ ಕೊಡುಗೆ.

ರೆವೀರ್ ಹುಟ್ಟಿದ್ದು 1735ರಲ್ಲಿ, ಬಾಸ್ಟನ್‌ನಲ್ಲಿ. ತಂದೆ ಫ್ರಾನ್ಸ್‌ನಿಂದ ಬಂದ ಬೆಳ್ಳಿ ಕೆಲಸಗಾರರು. 1754ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 19, ನಮ್ಮದೇ ವಯಸ್ಸು. ಮುಂದೆ ಬೆಳ್ಳಿ ಕೆಲಸವೇ ಅವರ ಕಸುಬಾಯ್ತು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ಹಾಕ್ತಿದ್ರು, ಕೆಲವು ವರ್ಷ ಹಲ್ಲಿನ ಕೆಲಸ ಕೂಡ ಮಾಡಿದ್ರು. ಹೋರಾಟಗಾರರ ಪತ್ರ ಹೊತ್ತು ನ್ಯೂಯಾರ್ಕ್, ಫಿಲಡೆಲ್ಫಿಯಾ ತನಕ ಕುದುರೆ ಮೇಲೆ ಹೋಗಿ ಬಂದಿದ್ರು.

ಈಗ 1775ರ ಏಪ್ರಿಲ್ 18ರ ರಾತ್ರಿಗೆ ಬರೋಣ. ಸೈನ್ಯ ಹೊರಡುವ ಸುದ್ದಿ ಸಿಕ್ಕಾಗ ಡಾಕ್ಟರ್ ಜೋಸೆಫ್ ವಾರನ್ ಇಬ್ಬರನ್ನು ಎರಡು ದಾರಿಯಲ್ಲಿ ಕಳಿಸಿದ್ರು. ವಿಲಿಯಂ ಡಾಸ್ ನೆಲದ ದಾರಿ ಹಿಡಿದ್ರೆ, ರೆವೀರ್ ದೋಣಿಯಲ್ಲಿ ನದಿ ದಾಟಿದ್ರು. ಚರ್ಚಿನ ಗೋಪುರದಲ್ಲಿ ತೂಗುಹಾಕಿದ ಎರಡು ಲಾಟೀನು ರೆವೀರ್‌ಗೆ ಕೊಟ್ಟ ಸಿಗ್ನಲ್ ಅಂತ ಹೇಳ್ತಾರೆ. ಅದು ತಲೆಕೆಳಗಾದ ಮಾತು. ತಾನು ನದಿ ದಾಟೋಕೆ ಆಗದಿದ್ರೂ ಆಚೆ ದಡದವರಿಗೆ ಸುದ್ದಿ ಮುಟ್ಟಲಿ ಅಂತ ರೆವೀರ್ ಅವರೇ ಮಾಡಿಸಿದ್ದ ಬ್ಯಾಕಪ್ ಅದು.

ಬ್ರಿಟಿಷರು ಬಂದ್ರು ಅನ್ನೋ ಕೂಗೂ ನಂಬೋ ಹಾಗಿಲ್ಲ. ಅಲ್ಲಿನ ಜನ ಆಗಿನ್ನೂ ತಮ್ಮನ್ನೇ ಬ್ರಿಟಿಷರು ಅಂದುಕೊಂಡಿದ್ರು. ಅವರು ಕೊಟ್ಟ ಎಚ್ಚರಿಕೆ ರಾಜನ ಸೈನ್ಯ ಹೊರಟಿದೆ ಅನ್ನೋದು.

ಎರವಲು ಕುದುರೆ ಏರಿದ ರೆವೀರ್ ಲೆಕ್ಸಿಂಗ್ಟನ್ ಮುಟ್ಟಿ, ನಾಯಕರಾದ ಸ್ಯಾಮ್ಯುಯಲ್ ಆಡಮ್ಸ್ ಮತ್ತು ಜಾನ್ ಹ್ಯಾನ್‌ಕಾಕ್‌ಗೆ ಸುದ್ದಿ ಕೊಟ್ರು. ಹಿಂದೆಯೇ ಡಾಸ್ ಬಂದ್ರು. ಮದ್ದುಗುಂಡು ಬಚ್ಚಿಟ್ಟಿದ್ದ ಕಾಂಕರ್ಡ್‌ಗೆ ಇಬ್ಬರೂ ಹೊರಟಾಗ ಸ್ಯಾಮ್ಯುಯಲ್ ಪ್ರೆಸ್ಕಾಟ್ ಅನ್ನೋ ಯುವ ಡಾಕ್ಟರ್ ಜೊತೆಯಾದ್ರು. ದಾರಿಯಲ್ಲಿ ಕಾವಲು ಸೈನಿಕರು ಅಡ್ಡ ಹಾಕಿ ರೆವೀರ್‌ನ ಹಿಡಿದು, ಕುದುರೆ ಕಿತ್ಕೊಂಡ್ರು. ಡಾಸ್ ತಪ್ಪಿಸಿಕೊಂಡ್ರೂ ಮುಂದೆ ಹೋಗೋಕೆ ಆಗಲಿಲ್ಲ. ಕಾಂಕರ್ಡ್ ತಲುಪಿದ್ದು ಪ್ರೆಸ್ಕಾಟ್ ಒಬ್ಬರೇ. ಅಷ್ಟರಲ್ಲಿ ಬೇರೆ ಬೇರೆ ಸವಾರರು ಸುತ್ತಲ ಊರುಗಳಿಗೆ ಸುದ್ದಿ ಹಂಚಿಯಾಗಿತ್ತು. ಒಬ್ಬರು ಸಿಕ್ಕಿಬಿದ್ರೂ ಸಿಸ್ಟಮ್ ನಿಲ್ಲಲಿಲ್ಲ.

ಯುದ್ಧದಲ್ಲಿ ರೆವೀರ್‌ಗೆ ಹೆಸರಿಗಿಂತ ಕಷ್ಟವೇ ಹೆಚ್ಚು ಬಂತು. 1779ರ ಪೆನಾಬ್‌ಸ್ಕಾಟ್ ದಂಡಯಾತ್ರೆ ಸೋತಾಗ ಅವರ ಮೇಲೂ ಆರೋಪ ಬಿತ್ತು. 1782ರಲ್ಲಿ ಸೇನಾ ನ್ಯಾಯಾಲಯ ನಿರ್ದೋಷಿ ಅಂತು. ಆಮೇಲೆ ಎರಕದ ಕಾರ್ಖಾನೆ ಹಾಕಿ ಗಂಟೆ, ಫಿರಂಗಿ ಎರೆದ್ರು. 1801ರಲ್ಲಿ, 66ನೇ ವಯಸ್ಸಿಗೆ, ಕ್ಯಾಂಟನ್‌ನಲ್ಲಿ ತಾಮ್ರದ ರೋಲಿಂಗ್ ಮಿಲ್ ಶುರು ಮಾಡಿದ್ರು. ಕಾನ್‌ಸ್ಟಿಟ್ಯೂಷನ್ ಯುದ್ಧನೌಕೆಯ ತಳಕ್ಕೆ 1803ರಲ್ಲಿ ಹೊದಿಸಿದ್ದು ಅಲ್ಲಿನ ತಗಡೇ. 1818ರಲ್ಲಿ ತೀರಿಕೊಂಡ್ರು.

ಲಾಂಗ್‌ಫೆಲೋ ಅವರ ಪದ್ಯ ಪ್ರಕಟವಾಗಿದ್ದು 1861ರಲ್ಲಿ, ದೇಶ ಒಡೆಯೋ ಹೊತ್ತಿನಲ್ಲಿ. ಅದರಲ್ಲಿ ಡಾಸ್ ಇಲ್ಲ, ಪ್ರೆಸ್ಕಾಟ್ ಇಲ್ಲ. ರೆವೀರ್ ಸಿಕ್ಕಿಬೀಳೋದೂ ಇಲ್ಲ, ಸೀದಾ ಕಾಂಕರ್ಡ್ ತಲುಪಿಬಿಡ್ತಾರೆ.

ಇದರಿಂದ ರೆವೀರ್ ಚಿಕ್ಕವರಾಗ್ತಾರೆ ಅಂತ ನಮಗೆ ಅನ್ನಿಸಲ್ಲ. ತಾನು ಸೋತರೂ ಕೆಲಸ ನಿಲ್ಲಬಾರದು ಅಂತ ಮೊದಲೇ ಲಾಟೀನು ಹಚ್ಚೋ ವ್ಯವಸ್ಥೆ ಮಾಡಿಟ್ಟವರು ಅವರು. ನಾಲ್ಕು ಜನ ಮಾಡಿದ ಪ್ರಾಜೆಕ್ಟಿಗೆ ಒಬ್ಬರ ಹೆಸರೇ ಉಳಿದ್ರೆ ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ಅದಕ್ಕೇ ರೆವೀರ್ ಪಕ್ಕದಲ್ಲಿ ಡಾಸ್ ಮತ್ತು ಪ್ರೆಸ್ಕಾಟ್ ಹೆಸರನ್ನೂ ನೆನಪಿಟ್ಕೊಳ್ಳೋಣ.