ಮೂರನೆಯ ಸಾಲಾರ್ ಜಂಗ್ ಮತ್ತು ಹಳೆಯ ಬಂದೂಕುಗಳು

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಅಬಿಡ್ಸ್ ಪರಿಚಿತವಾದ ಪೇಟೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಪ್ತ ಪರಿಚಾರಕನಾಗಿದ್ದ ಆಲ್ಬರ್ಟ್ ಅಬಿದ್ ಎಂಬ ಅರ್ಮೇನಿಯನ್ ಯಹೂದಿ ಇಲ್ಲಿ ಯುರೋಪಿನ ಸರಕುಗಳ ಅಂಗಡಿಯೊಂದನ್ನು ಇಟ್ಟುಕೊಂಡಿದ್ದನು. ಅಂಗಡಿ ಹೋಯಿತು, ಅಂಗಡಿಯವನ ಹೆಸರು ಊರಿಗೆ ಉಳಿಯಿತು. ಈ ಪೇಟೆಯಿಂದ ಫತೇ ಮೈದಾನದ ಕಡೆಗೆ ನಡೆದರೆ ಗನ್‌ಫೌಂಡ್ರಿ ಎಂಬ ಬಡಾವಣೆ ಸಿಗುತ್ತದೆ. ಎರಡನೆಯ ನಿಜಾಮ ಅಲಿ ಖಾನರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ತೋಪುಗಳನ್ನು ಎರಕ ಹೊಯ್ಯಲು ಸ್ಥಾಪಿಸಿದ ಕಾರ್ಖಾನೆಯ ಅವಶೇಷ ಅಲ್ಲಿದೆ. ಜನ ಅದನ್ನು ತೋಪ್ ಕಾ ಸಾಂಚಾ ಎಂದು ಕರೆದರು. ಯುರೋಪಿನ ಆಯುಧವಿದ್ಯೆ ದಖ್ಖನಿಗೆ ಯುದ್ಧದ ಅಗತ್ಯವಾಗಿ ಬಂದುದಕ್ಕೆ ಈ ಕಾರ್ಖಾನೆ ಸಾಕ್ಷಿ. ಒಂದು ಶತಮಾನದ ಬಳಿಕ ಯುರೋಪಿನ ವಸ್ತುಗಳು ಶ್ರೀಮಂತರ ಅಭಿರುಚಿಯ ವಿಷಯವಾಗಿ ಬಂದುದಕ್ಕೆ ಅಬಿದನ ಅಂಗಡಿ ಸಾಕ್ಷಿ. ಈ ಎರಡು ಘಟ್ಟಗಳ ನಡುವಿನ ದಾರಿಯನ್ನು ಒಬ್ಬ ವ್ಯಕ್ತಿಯ ಜೀವನದಲ್ಲಿ ಗುರುತಿಸಬೇಕಾದರೆ, ಆ ವ್ಯಕ್ತಿ ಮೂರನೆಯ ಸಾಲಾರ್ ಜಂಗ್ ಎಂದು ಪ್ರಸಿದ್ಧರಾದ ನವಾಬ ಮೀರ್ ಯೂಸುಫ್ ಅಲಿ ಖಾನರು.

ಅವರನ್ನು ಕಲಾವಸ್ತುಗಳ ಮಹಾಸಂಗ್ರಾಹಕರೆಂದು ಲೋಕ ಬಲ್ಲದು. ಕನ್ನಡ ನಾಡಿಗೂ ಅವರ ಮನೆತನಕ್ಕೂ ಇದ್ದ ಸಂಬಂಧ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಪೂರ್ವಿಕರು ಮದೀನಾದಿಂದ ಹೊರಟು ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರಕ್ಕೆ ಬಂದು ನೆಲೆಸಿದವರು. ಮುಂದೆ ವಿವಾಹ ಸಂಬಂಧದಿಂದ ಈ ಮನೆತನದೊಡನೆ ಬೆರೆತ ಮೀರ್ ಆಲಂ, 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಜೊತೆಗೂಡಿ ಹೋದ ನಿಜಾಮನ ಸೇನೆಯೊಂದಿಗಿದ್ದವನು. ಕೊಪ್ಪಳವಂತೂ ಜಾಗೀರು ಪದ್ಧತಿ ಕೊನೆಗೊಳ್ಳುವವರೆಗೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿಯೇ ಇದ್ದಿತು. ಆದ್ದರಿಂದ ಈ ಸಂಗ್ರಾಹಕರ ಚರಿತ್ರೆಯನ್ನು ಕನ್ನಡದ ಕಣ್ಣಿನಿಂದ ನೋಡುವುದು ಅಪ್ರಸ್ತುತವಾಗಲಾರದು.

ಯೂಸುಫ್ ಅಲಿ ಖಾನರು 1889ರ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಅವರ ತಾತ ಮೊದಲನೆಯ ಸಾಲಾರ್ ಜಂಗ್ ಮೀರ್ ತುರಾಬ್ ಅಲಿ ಖಾನರು 1853ರಿಂದ 1883ರವರೆಗೆ ಮೂವತ್ತು ವರ್ಷ ಹೈದರಾಬಾದ್ ಸಂಸ್ಥಾನದ ದಿವಾನರಾಗಿ ಆಡಳಿತವನ್ನು ಆಧುನಿಕಗೊಳಿಸಿದವರು. 1876ರ ಯುರೋಪ್ ಪ್ರವಾಸದಲ್ಲಿ ಅವರು ರೋಮಿನಿಂದ ಕೊಂಡು ತಂದ, ಮುಸುಕುಧಾರಿ ರೆಬೆಕಾಳ ಅಮೃತಶಿಲೆಯ ಪ್ರತಿಮೆ ಇಂದಿಗೂ ಸಂಗ್ರಹಾಲಯದ ಹೆಮ್ಮೆಯಾಗಿದೆ. ತಂದೆ ಎರಡನೆಯ ಸಾಲಾರ್ ಜಂಗ್ ಮೀರ್ ಲಾಯಕ್ ಅಲಿ ಖಾನರು ಕೆಲವೇ ವರ್ಷ ದಿವಾನಗಿರಿ ನಡೆಸಿದರು; ಪಾರಸಿಯ ಬದಲು ಉರ್ದು ಸಂಸ್ಥಾನದ ಆಡಳಿತ ಭಾಷೆಯಾದದ್ದು ಅವರ ಕಾಲದಲ್ಲಿ, 1884ರಲ್ಲಿ. ಮಗನಿಗೆ ಒಂದು ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ತಂದೆಯ ಮುಖವನ್ನೇ ಕಾಣದೆ ಬೆಳೆದ ಈ ಮಗುವಿಗೆ ಮನೆತನದ ಬಿರುದು, ದಿವಾನ್ ದೇವಡಿಯ ಅರಮನೆ, ತಾತ ತಂದಿಟ್ಟ ವಸ್ತುಗಳು ಇವೇ ಪಿತ್ರಾರ್ಜಿತವಾದವು. ಹಿರಿಯರನ್ನು ವಸ್ತುಗಳ ಮೂಲಕವೇ ಅರಿಯಬೇಕಾಗಿ ಬಂದ ಬಾಲ್ಯ ಅದು. ಮುಂದಿನ ಅವರ ಹವ್ಯಾಸದ ಬೇರು ಇಲ್ಲಿಯೇ ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ.

1912ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಮಹಾರಾಜಾ ಕಿಶನ್ ಪ್ರಸಾದರ ಸ್ಥಾನದಲ್ಲಿ ಯೂಸುಫ್ ಅಲಿ ಖಾನರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಅವರ ವಯಸ್ಸು 23. ಸುಮಾರು ಎರಡು ವರ್ಷಗಳ ನಂತರ, 1914ರಲ್ಲಿ, ಅವರು ಅಧಿಕಾರವನ್ನು ಬಿಟ್ಟುಕೊಟ್ಟರು. ಬಳಿಕ ನಿಜಾಮರು ಹಲವು ವರ್ಷ ದಿವಾನರಿಲ್ಲದೆ ತಾವೇ ಆಡಳಿತ ನಡೆಸಿದರು. ತಾತನಿಗೆ ಮೂವತ್ತು ವರ್ಷ ಒಲಿದ ಪದವಿ ಮೊಮ್ಮಗನಿಗೆ ಮೂರು ವರ್ಷವೂ ನಿಲ್ಲಲಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ರಾಜಕಾರಣದಿಂದ ಹೊರಬಂದ ಈ ಯುವಕರ ಮುಂದೆ ಅಪಾರವಾದ ಐಶ್ವರ್ಯವಿತ್ತು, ಬಿಡುವಿತ್ತು. ಅವರು ಮದುವೆಯಾಗಲಿಲ್ಲ. ಉಳಿದ ಮೂವತ್ತೈದು ವರ್ಷಗಳನ್ನು ಸಂಗ್ರಹಕಾರ್ಯಕ್ಕೆ ಮೀಸಲಿಟ್ಟರು. ದೇಶವಿದೇಶಗಳ ವರ್ತಕರು ದಿವಾನ್ ದೇವಡಿಗೆ ಎಡತಾಕುತ್ತಿದ್ದರು. ಹೊರನಾಡುಗಳಲ್ಲಿ ಅವರ ಪರವಾಗಿ ಕೊಳ್ಳುವವರಿದ್ದರು. ಹಸ್ತಪ್ರತಿ, ಚಿತ್ರಪಟ, ಹಸಿರುಶಿಲೆಯ ಪಾತ್ರೆ, ದಂತದ ಕೆತ್ತನೆ, ಪಿಂಗಾಣಿ, ಗಡಿಯಾರ, ಪೀಠೋಪಕರಣ ಎಲ್ಲವೂ ದೇವಡಿಯನ್ನು ಸೇರಿದವು. ಅವುಗಳ ಜೊತೆಗೆ ಆಯುಧಗಳೂ ಸೇರಿದವು.

ಈ ಆಯುಧ ವಿಭಾಗದಲ್ಲಿ ಕತ್ತಿ, ಕಠಾರಿ, ಭರ್ಜಿ, ಗುರಾಣಿ, ಕವಚ, ಶಿರಸ್ತ್ರಾಣಗಳೊಡನೆ ಹಳೆಯ ಬಂದೂಕುಗಳೂ ಇವೆ. ಔರಂಗಜೇಬ, ಟಿಪ್ಪು ಸುಲ್ತಾನ್ ಮೊದಲಾದವರ ಹೆಸರಿಗೆ ಸಲ್ಲುವ ಕತ್ತಿಗಳ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ. ಹೆಸರಿಲ್ಲದ ಬಂದೂಕುಗಳನ್ನು ದಾಟಿ ಹೋಗುತ್ತಾರೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಬಂದೂಕು ಕತ್ತಿಗಿಂತ ಹೆಚ್ಚು ವಿಷಯವನ್ನು ಹೇಳಬಲ್ಲದು. ಅದಕ್ಕೆ ಅದರ ರಚನೆಯನ್ನು ಸ್ವಲ್ಪ ತಿಳಿಯಬೇಕು.

ಹದಿನೈದನೆಯ ಶತಮಾನದ ಯುರೋಪಿನಲ್ಲಿ ರೂಪುಗೊಂಡ ಮ್ಯಾಚ್‌ಲಾಕ್ ಬಂದೂಕಿಗೆ ನಮ್ಮಲ್ಲಿ ಜಾಮಗಿಯ ಬಂದೂಕು ಎನ್ನಬಹುದು. ಜಾಮಗಿಯೆಂದರೆ ನಿಧಾನವಾಗಿ ಉರಿಯುತ್ತಲೇ ಇರುವ ಹುರಿಬತ್ತಿ. ಕುದುರೆಯನ್ನು ಒತ್ತಿದಾಗ ಬತ್ತಿಯನ್ನು ಹಿಡಿದ ಕೊಂಡಿ ಬಾಗಿ ರಂಜಕದ ಬಟ್ಟಲನ್ನು ಮುಟ್ಟುತ್ತದೆ. ರಂಜಕ ಹೊತ್ತಿ, ನಳಿಗೆಯ ರಂಧ್ರದ ಮೂಲಕ ಒಳಗಿನ ಮದ್ದು ಸಿಡಿಯುತ್ತದೆ. ಮಳೆ ಬಂದರೆ ಬತ್ತಿ ನಂದುತ್ತಿತ್ತು. ಇರುಳಿನಲ್ಲಿ ಬತ್ತಿಯ ಕೆಂಡವೇ ವೈರಿಗೆ ಗುರುತು ಕೊಡುತ್ತಿತ್ತು. ಈ ತೊಡಕುಗಳಿಗೆ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಕಂಡುಹಿಡಿದ ಪರಿಹಾರ ವ್ಹೀಲ್‌ಲಾಕ್. ಅದರಲ್ಲಿ ಕೀಲಿಯಿಂದ ಬಿಗಿಮಾಡಿದ ಸುರುಳಿಯೊಂದು ಬಿಚ್ಚಿಕೊಂಡಾಗ ಉಕ್ಕಿನ ಹಲ್ಲುಚಕ್ರ ಗಿರ್ರನೆ ತಿರುಗಿ ಗಂಧಕಯುಕ್ತ ಲೋಹಶಿಲೆಗೆ ಉಜ್ಜಿ ಕಿಡಿಯನ್ನು ಉದುರಿಸುತ್ತದೆ. ನ್ಯೂರೆಂಬರ್ಗಿನಂಥ ಜರ್ಮನಿಯ ಪಟ್ಟಣಗಳಲ್ಲಿ ಬೀಗ, ಗಡಿಯಾರಗಳ ಕೆಲಸ ಮತ್ತು ಈ ಯಂತ್ರದ ಕೆಲಸ ಒಂದೇ ಬಗೆಯ ಕೈಚಳಕವನ್ನು ಬೇಡಿದವು. ಆದ್ದರಿಂದ ವ್ಹೀಲ್‌ಲಾಕ್ ದುಬಾರಿಯಾಯಿತು. ಸಾಮಾನ್ಯ ಕಾಲಾಳು ಜಾಮಗಿಯ ಬಂದೂಕಿನಲ್ಲಿಯೇ ಕಾದಿದ. ರಾವುತರೂ ಬೇಟೆಯಾಡುವ ಅರಸರೂ ಚಕ್ರದ ಬಂದೂಕನ್ನು ಇಟ್ಟುಕೊಂಡರು. ಅದರ ಮರದ ಹಿಡಿಗೆ ದಂತ, ಜಿಂಕೆಗೊಂಬುಗಳ ಕುಂದಣವನ್ನು ಕೂರಿಸಿ, ಬೇಟೆಯ ದೃಶ್ಯಗಳನ್ನು ಕೊರೆಸಿದರು. ಆಯುಧವೊಂದು ಆಭರಣವಾಗುವ ಪ್ರಕ್ರಿಯೆ ಯುರೋಪಿನಲ್ಲಿಯೇ, ಅದು ಇನ್ನೂ ಬಳಕೆಯಲ್ಲಿದ್ದಾಗಲೇ, ಹೀಗೆ ಆರಂಭವಾಗಿತ್ತು. ಜಗತ್ತಿನ ಸಂಗ್ರಾಹಕರು ಇವುಗಳನ್ನು ಅರಸುವುದಕ್ಕೆ ಕಾರಣವೂ ಇದೇ.

ಭಾರತದಲ್ಲಿ ಈ ಎರಡು ಬಂದೂಕುಗಳ ಹಣೆಬರಹ ಬೇರೆ ಬೇರೆಯಾಯಿತು. ಚಕ್ರದ ಬಂದೂಕು ಇಲ್ಲಿ ನೆಲೆಯೂರಲಿಲ್ಲ. ಅದರ ನವಿರಾದ ಯಂತ್ರವನ್ನು ದುರಸ್ತಿ ಮಾಡುವುದು ಊರ ಕಮ್ಮಾರನಿಗೆ ಸುಲಭಸಾಧ್ಯವಾಗಿರಲಿಲ್ಲ. ಜಾಮಗಿಯ ಬಂದೂಕಾದರೋ ಈ ಮಣ್ಣಿನದೇ ಆಗಿಹೋಯಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ನೆರವಿಗೆ ಬಂದ ಪೋರ್ಚುಗೀಸ್ ಕೋವಿಕಾರರು ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಉರುಳಿಸಿದ ಸಂಗತಿ ಪ್ರಸಿದ್ಧವಾಗಿದೆ. ಯುರೋಪಿನ ಉದ್ದನಳಿಗೆಯ ಬಂದೂಕಿನ ಪ್ರಭಾವವನ್ನು ಕನ್ನಡ ನೆಲ ಅಷ್ಟು ಹಿಂದೆಯೇ ಕಂಡಿತ್ತು. ಬಳಿಕ ನಮ್ಮ ಕಮ್ಮಾರರು ಅದನ್ನು ತಮ್ಮದೇ ರೀತಿಯಲ್ಲಿ ಮಾಡಿಕೊಂಡರು. ಯುರೋಪಿನವರು ಹೊರಗಿನ ಕಬ್ಬಿಣದ ತಗಡಿಗೆ ಜೋಡಿಸುತ್ತಿದ್ದ ಯಂತ್ರವನ್ನು ಇಲ್ಲಿನವರು ಮರದ ಹಿಡಿಯೊಳಗೆ ಅಡಗಿಸಿದರು. ಅವರು ಮೊಳೆಗಳಿಂದ ನಿಲ್ಲಿಸುತ್ತಿದ್ದ ನಳಿಗೆಯನ್ನು ಇವರು ಪಟ್ಟಿಗಳಿಂದ ಬಿಗಿದರು. ಭುಜಕ್ಕೆ ಆನಿಸುವ ಅಗಲವಾದ ಹಿಡಿಯ ಬದಲು ನೇರವಾದ ಸಪೂರ ಹಿಡಿಯನ್ನು ಇರಿಸಿದರು. ಈ ಬಗೆಯ ಬಂದೂಕು ಹತ್ತೊಂಬತ್ತನೆಯ ಶತಮಾನದವರೆಗೂ ಬಳಕೆಯಲ್ಲಿತ್ತು. ದಖ್ಖನಿನ ಹಳೆಯ ಬಂದೂಕನ್ನೂ ಯುರೋಪಿನದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವವನಿಗೆ, ಒಂದು ವಿದ್ಯೆ ಒಂದು ನಾಡಿನಿಂದ ಮತ್ತೊಂದಕ್ಕೆ ದಾಟುವಾಗ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸಾಲಾರ್ ಜಂಗರಂಥವರ ಸಂಗ್ರಹದ ನಿಜವಾದ ಪ್ರಯೋಜನ ಇಂಥ ಹೋಲಿಕೆಗೆ ಎಡೆಮಾಡಿಕೊಡುವುದರಲ್ಲಿದೆ.

ಆದರೆ ಬಂದೂಕಿನ ಚರಿತ್ರೆಗೆ ಇನ್ನೊಂದು ಮುಖವಿದೆ. ಅದನ್ನು ಮರೆತು ಸಂಗ್ರಾಹಕರನ್ನು ಹೊಗಳುವುದು ಅರ್ಧಸತ್ಯವಾದೀತು. 1857ರಲ್ಲಿ ಇಂಗ್ಲಿಷ್ ಸರಕಾರ ಜನರ ಕೈಯಿಂದ ಆಯುಧಗಳನ್ನು ಕಸಿಯುವ ಕಾಯಿದೆಯನ್ನು ಜಾರಿಗೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬಂಡೆದ್ದರು. ಊರು ಬೆಂಕಿಗೆ ಆಹುತಿಯಾಯಿತು. ಮರುವರ್ಷ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಹೋರಾಡಿ ಮಡಿದನು. ಆ ಹೊತ್ತಿನಲ್ಲಿ ಹೈದರಾಬಾದಿನ ದಿವಾನರಾಗಿದ್ದು ಇಂಗ್ಲಿಷರ ಪಕ್ಷದಲ್ಲಿ ದೃಢವಾಗಿ ನಿಂತವರು ಮೊದಲನೆಯ ಸಾಲಾರ್ ಜಂಗರು. ರೈತನ ಮನೆಯ ಬಂದೂಕು ಅಪರಾಧದ ಕುರುಹಾಯಿತು, ಶ್ರೀಮಂತರ ಹಜಾರದ ಬಂದೂಕು ಅಭಿರುಚಿಯ ಕುರುಹಾಯಿತು. ಆಯುಧಗಳ ಕಾಯಿದೆಯಿಂದ ವಿನಾಯಿತಿ ಪಡೆದ ಕೊಡಗಿನಲ್ಲಿ ಮಾತ್ರ ಕೋವಿ ಮನೆಯವರಲ್ಲಿ ಒಂದಾಗಿ ಉಳಿಯಿತು. ಕೈಲ್‌ಪೋದಿನ ಹಬ್ಬದಲ್ಲಿ ಇಂದಿಗೂ ಅದಕ್ಕೆ ಪೂಜೆ ಸಲ್ಲುತ್ತದೆ. ಉಳಿದೆಡೆ ಜನ ತಮ್ಮ ಹಿರಿಯರ ಆಯುಧವನ್ನು ನೋಡಬೇಕಾದರೆ ಅರಮನೆಯ ಇಲ್ಲವೆ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನೇ ನೋಡಬೇಕು.

ಸಂಗ್ರಹಕ್ಕೆ ಬೇಕಾದ ಹಣವೂ ನೆಲದಿಂದಲೇ ಹುಟ್ಟಿದ್ದು. ಕೊಪ್ಪಳ ಸೀಮೆಯ ಎರೆಹೊಲಗಳಲ್ಲಿ ಜೋಳ, ಹತ್ತಿ ಬೆಳೆದು ಮಳೆಯನ್ನೇ ನಂಬಿ ಬದುಕಿದ ಕನ್ನಡದ ಒಕ್ಕಲುಗಳು ತೆತ್ತ ಕಂದಾಯ ಜಾಗೀರಿನ ಖಜಾನೆಯನ್ನು ಸೇರುತ್ತಿತ್ತು. ತಮ್ಮದಲ್ಲದ ಭಾಷೆಯಲ್ಲಿ ನಡೆಯುತ್ತಿದ್ದ ಆಡಳಿತಕ್ಕೆ ತೆರಿಗೆ ಕೊಟ್ಟ ಆ ಜನರಿಗೆ, ತಮ್ಮ ದುಡಿಮೆಯ ಒಂದಂಶ ದೂರದ ದೇವಡಿಯಲ್ಲಿ ಪಿಂಗಾಣಿಯಾಗಿ, ಗಡಿಯಾರವಾಗಿ, ಬಂದೂಕಾಗಿ ರೂಪಾಂತರ ಹೊಂದುತ್ತಿರುವುದು ತಿಳಿದಿರಲಾರದು. ಇದನ್ನು ಯೂಸುಫ್ ಅಲಿ ಖಾನರೊಬ್ಬರ ದೋಷವೆನ್ನಲಾಗದು. ಜಾಗೀರು ಪದ್ಧತಿಯ ಸ್ವಭಾವವೇ ಅದು. ಅದೇ ವರಮಾನವನ್ನು ಭೋಗದಲ್ಲಿ ಕರಗಿಸಿದ ಜಾಗೀರದಾರರು ಎಷ್ಟೋ ಮಂದಿ. ಇವರು ಅದನ್ನು ಉಳಿಯುವ ವಸ್ತುಗಳಾಗಿ ಮಾರ್ಪಡಿಸಿದರೆಂಬುದು ಅವರ ಪರವಾಗಿ ಹೇಳಬೇಕಾದ ಮಾತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1949ರ ಮಾರ್ಚ್ 2ರಂದು ಸಾಲಾರ್ ಜಂಗರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಜಾಗೀರುಗಳನ್ನು ರದ್ದುಗೊಳಿಸುವ ಕಾನೂನು ಬಂದಿತು. ಯಾವ ವ್ಯವಸ್ಥೆ ಅವರ ಸಂಗ್ರಹವನ್ನು ಸಾಧ್ಯಗೊಳಿಸಿತ್ತೋ ಆ ವ್ಯವಸ್ಥೆಯೂ ಅವರೂ ಒಂದೇ ವರ್ಷದಲ್ಲಿ ಇಲ್ಲವಾದರು. ಅವರಿಗೆ ಮಕ್ಕಳಿರಲಿಲ್ಲ. ವಸ್ತುಗಳು ಹಂಚಿಹೋಗುವ, ಹರಾಜಾಗುವ ಭಯವಿತ್ತು. ಆಡಳಿತಗಾರರು ದೂರದೃಷ್ಟಿಯಿಂದ ವರ್ತಿಸಿ ದಿವಾನ್ ದೇವಡಿಯನ್ನೇ ಸಂಗ್ರಹಾಲಯವನ್ನಾಗಿಸಲು ನಿರ್ಧರಿಸಿದರು. ವಸ್ತುಗಳನ್ನು ಕ್ರಮವಾಗಿ ಜೋಡಿಸುವ ಹೊಣೆಯನ್ನು ಹೊತ್ತವರು ಕಲಾವಿಮರ್ಶಕ ಜೇಮ್ಸ್ ಕಸಿನ್ಸ್. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ರಚನೆಯಲ್ಲಿಯೂ ಅವರ ಪಾತ್ರವಿತ್ತು. 1951ರ ಡಿಸೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಕಾನೂನಿನ ಮೂಲಕ ಘೋಷಿಸಿತು. 1968ರಲ್ಲಿ ಅದು ಮೂಸಿ ನದಿಯ ದಕ್ಷಿಣ ದಡದ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 40,000ಕ್ಕೂ ಮಿಕ್ಕ ಕಲಾವಸ್ತುಗಳು ಅಲ್ಲಿವೆ.

ಇಂದು ಸಂಗ್ರಹಾಲಯಕ್ಕೆ ಹೋದವರೆಲ್ಲ ಗಂಟೆಗೊಮ್ಮೆ ಗಡ್ಡದ ಬೊಂಬೆಯೊಂದು ಹೊರಬಂದು ಜಾಗಟೆ ಬಾರಿಸುವ ಗಡಿಯಾರದ ಮುಂದೆ ಕಿಕ್ಕಿರಿದು ಕೂಡುತ್ತಾರೆ. ಅಲ್ಲಿಂದೆದ್ದು ಆಯುಧಗಳ ಕೋಣೆಗೆ ಹೋಗಿ ಬಂದೂಕುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಬತ್ತಿ ಆರಿದೆ, ರಂಜಕದ ಬಟ್ಟಲು ಬರಿದಾಗಿದೆ. ಅವುಗಳಿಂದ ಈಗ ಯಾರಿಗೂ ಭಯವಿಲ್ಲ. ಅಧಿಕಾರವನ್ನು ಹರೆಯದಲ್ಲಿಯೇ ತೊರೆದ ಒಬ್ಬ ಶ್ರೀಮಂತರು ಅವುಗಳನ್ನು ನೋಡಬೇಕಾದ ವಸ್ತುಗಳಾಗಿ ಕಾಪಾಡಿದರು. ಮುಂದೆ ಬಂದ ಜನತಂತ್ರ ಆ ನೋಟದ ಹಕ್ಕನ್ನು ಎಲ್ಲರಿಗೂ ಹಂಚಿತು. ಕೊಪ್ಪಳದಿಂದ ಹೈದರಾಬಾದಿಗೆ ಹೋಗುವ ಕನ್ನಡದ ವಿದ್ಯಾರ್ಥಿ ಆ ಕೋಣೆಯಲ್ಲಿ ಅತಿಥಿಯೆಂದು ಸಂಕೋಚಪಡಬೇಕಾಗಿಲ್ಲ. ಆ ವಸ್ತುಗಳ ಬೆಲೆಯಲ್ಲಿ ಒಂದು ಪಾಲನ್ನು ಅವನ ಮುತ್ತಜ್ಜನೂ ತೆತ್ತಿದ್ದಾನೆ.