ಭದ್ರಾವತಿಯನ್ನು ಉಳಿಸಿದ ವಿಶ್ವೇಶ್ವರಯ್ಯ

ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಚಿಕ್ಕಮಗಳೂರು ಸೀಮೆಯ ಬಾಬಾಬುಡನ್ ಗಿರಿಯ ಅದಿರಿನಿಂದ ನಾಡಿನಲ್ಲಿಯೇ ಕಬ್ಬಿಣ ತಯಾರಾಗಬೇಕೆಂಬುದು ಅವರ ಹಂಬಲ. ಅದರ ಫಲವೇ ಭದ್ರಾವತಿಯ ಕಾರ್ಖಾನೆ.

ಕೆಮ್ಮಣ್ಣುಗುಂಡಿಯ ಅದಿರು ಉಕ್ಕಿನ ಹಗ್ಗಕ್ಕೆ ತೂಗುಹಾಕಿದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು. ಹಲವು ತಂತಿಗಳನ್ನು ಹೊಸೆದ ಇಂತಹ ಹಗ್ಗಕ್ಕೆ ಮಲೆನಾಡಿನ ಮಳೆಯೇ ಶತ್ರು. ಒಳಗಿನ ಎಳೆಗಳಿಗೂ ಗ್ರೀಸು ತಲುಪದಿದ್ದರೆ ತುಕ್ಕು ಹಿಡಿದು ಹಗ್ಗ ಸವೆಯುವುದು.

ಹಗ್ಗದಂತೆ ಕಾರ್ಖಾನೆಗೂ ಆರೈಕೆ ಬೇಕಾಯಿತು. 1923ರಲ್ಲಿ ಉತ್ಪಾದನೆ ಆರಂಭವಾದರೂ ನಷ್ಟವೊದಗಿತು. ಮುಚ್ಚುವುದೇ ಲೇಸೆಂದು ಹಲವರು ಭಾವಿಸಿದರು. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ಉಳಿಸಿದರು. ಆ ಸೇವೆಯ ಸಂಭಾವನೆಯನ್ನು ಬೆಂಗಳೂರಿನಲ್ಲಿ ವೃತ್ತಿಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಬಿಟ್ಟುಕೊಟ್ಟರು. 1962ರಲ್ಲಿ ಅವರು ಕಾಲವಾದರು. ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.